ಕ್ಯಾಮೆರಾದೊಳಗಿನ ಆಟೋ ಸಾಹೇಬರಿಗೆ, ಹೂಡೆಯ ಹುಡುಗಿಯ ಬಣ್ಣದ ವಿಷಯವಾಗಿ

ಕಾಪು,
ಏಪ್ರಿಲ್ ೨೦೦೬

ನನ್ನ ವೀಡಿಯೊ ಕ್ಯಾಮೆರಾದ ಹೊಟ್ಟೆಯೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ, ಕಣ್ಣನ್ನು ಒಮ್ಮೆ ಕಿರಿದು ಮಾಡಿ ಒಮ್ಮೆ ಹಿರಿದು ಮಾಡಿ ಲೋಕದ ಬೆಳಕನ್ನೆಲ್ಲ ಅಳೆದು ಹಂಚುವ ಮಾನ್ಯ ಆಟೋ ಐರಿಸ್ ಸಾಹೇಬರೇ,

ಕಾಪುವಿನ ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಮಹಡಿಯಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡು, ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ವೀಡಿಯೊ ಮಾಡಿ ಜೀವನ ಸಾಗಿಸುತ್ತಿರುವ ಧನರಾಜ್ ಸಾಲಿಯಾನ್ ಎಂಬ ನಾನು ತಮಗೆ ಕೈಮುಗಿದು, ಮುಗಿಯುವ ಕೈಯಲ್ಲಿ ಕ್ಯಾಮೆರಾ ಇದ್ದುದರಿಂದ ಅದನ್ನು ಮೇಜಿನ ಮೇಲಿಟ್ಟು ಮತ್ತೊಮ್ಮೆ ಸರಿಯಾಗಿ ಕೈಮುಗಿದು, ಬಿನ್ನವಿಸಿಕೊಳ್ಳುವುದು ಏನೆಂದರೆ, ತಮ್ಮ ಆರೋಗ್ಯದ ಬಗ್ಗೆ ನನಗೆ ಯಾವ ಚಿಂತೆಯೂ ಇಲ್ಲ. ತಮ್ಮಿಂದಾಗಿ ಇತರರ ಆರೋಗ್ಯದ ಬಗ್ಗೆ ಮಾತ್ರ ಸ್ವಲ್ಪ ಉಂಟು.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮನ್ನು ಅರಿಯದವರೂ ಓದಬಹುದು, ಹೆಸರು ಕೇಳಿ ತಾವು ಮೂರು ಚಕ್ರದವರೆಂದು ಭಾವಿಸಿ ಬಾಡಿಗೆ ಎಷ್ಟೆಂದು ಕೇಳಲೂಬಹುದು. ಅವರಿಗಾಗಿ ಎರಡು ಮಾತು. ಬೆಳಕು ಹೆಚ್ಚಾದರೆ ಕ್ಯಾಮೆರಾದ ಕಣ್ಣನ್ನು ಮುಚ್ಚಿಸುವುದೂ, ಕಡಿಮೆಯಾದರೆ ತೆರೆಸುವುದೂ ತಮ್ಮ ಉದ್ಯೋಗ. ಎದುರಿಗೆ ಯಾರಿದ್ದಾರೆ ಎಂದು ತಾವು ಕೇಳುವುದಿಲ್ಲ. ಚೌಕಟ್ಟಿನೊಳಗಿನ ಬೆಳಕನ್ನೆಲ್ಲ ಒಟ್ಟು ಕೂಡಿಸಿ, ಅದು ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ನಡುವಿನದೊಂದು ಬೂದಿಬಣ್ಣಕ್ಕೆ ಬಂದು ನಿಂತರೆ ತಮ್ಮ ಮನಸ್ಸಿಗೆ ಶಾಂತಿ. ಇಂಥ ಸಮದೃಷ್ಟಿ ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಕುಳಿತು ಸಿಗುವುದು ಅಪರೂಪ.

ಶಿರ್ವದ ಇಗರ್ಜಿಯಲ್ಲಿ ಪ್ಯಾಟ್ರಿಶಿಯಾ ಮತ್ತು ಕ್ಲಾರೆನ್ಸ್ ಎಂಬವರ ಮದುವೆಯಾದಾಗ ತಮ್ಮ ಈ ದೃಷ್ಟಿಯನ್ನು ನಾನು ಮೊದಲ ಬಾರಿಗೆ ಹತ್ತಿರದಿಂದ ಕಂಡೆ. ವಧುವಿನ ಬಿಳಿ ಗೌನಿನ ಮೇಲೆ ಬಾಗಿಲಿನ ಬಿಸಿಲು ಬಿದ್ದದ್ದೇ ತಡ, ತಾವು ಗಾಬರಿಯಿಂದ ಕಣ್ಣು ಕಿರಿದು ಮಾಡಿದಿರಿ. ಗೌನಿನ ಕಸೂತಿ ಎಳೆ ಎಳೆಯಾಗಿ ಬಂತು, ವಧುವಿನ ಮುಖಕ್ಕೆ ಮುಸ್ಸಂಜೆಯಾಯಿತು, ಕಪ್ಪು ಸೂಟಿನಲ್ಲಿದ್ದ ಕ್ಲಾರೆನ್ಸ್ ಇಗರ್ಜಿಯ ಕತ್ತಲಿನಲ್ಲಿ ಕರಗಿಹೋಗಿ, ಗಾಳಿಯಲ್ಲಿ ತೇಲುವ ಒಂದು ಬಿಳಿ ಕಾಲರು ಬಂದು ಪ್ಯಾಟ್ರಿಶಿಯಾಳಿಗೆ ಉಂಗುರ ತೊಡಿಸಿತು. ಪುಣ್ಯಕ್ಕೆ ಆಕೆ ಒಳ್ಳೆಯ ಹುಡುಗಿ. ಬಹರೇನಿನಲ್ಲಿರುವ ಚಿಕ್ಕಮ್ಮ ನೋಡಬೇಕೆಂದದ್ದು ಗೌನನ್ನೇ ಎಂದು ಹೇಳಿ ನಕ್ಕುಬಿಟ್ಟಳು. ಆದ್ದರಿಂದ ಆಗ ನಾನು ದೂರು ಬರೆಯಲಿಲ್ಲ. ಈಗ ಬರೆಯುತ್ತಿರುವುದು ಹೂಡೆಯ ಹರ್ಷಿಣಿಯ ವಿಷಯ.

ಹರ್ಷಿಣಿಯ ತಾಯಿ ರತ್ನಾವತಿ ನಮಗೆ ದೂರದ ಸಂಬಂಧ, ಬುಟ್ಟಿಯಲ್ಲಿ ಮೀನು ಹೊತ್ತು ಪಕ್ಕದ ಕೆಮ್ಮಣ್ಣು ಊರಿನ ಕಡೆ ಮನೆ ಮನೆಗೆ ಮಾರುವವರು. ತಂದೆ ಕಿಟ್ಟಣ್ಣನಿಗೆ ಹೊಳೆ ಕಡಲು ಸೇರುವಲ್ಲಿ ಒಂದು ದೋಣಿ ಉಂಟು. ಒಬ್ಬಳೇ ಮಗಳು, ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಸ್ತಕದ ಪುಟ ಜೋಡಿಸುವ ಕೆಲಸ ಅವಳದು. ಬಣ್ಣ ಕಪ್ಪು. ಇದನ್ನು ನಾನು ಹೀಗೆ ನೇರವಾಗಿ ಬರೆಯುವುದು ಸುಲಭ; ಆದರೆ ಅವಳ ಫೋಟೊ ನೋಡಿ ಹಿಂದೆ ಸರಿದ ಎರಡು ಸಂಬಂಧದವರು ಅದನ್ನು ಮೆಲುದನಿಯಲ್ಲಿ, ಜಾತಕ ಕೂಡಿಬರಲಿಲ್ಲ, ಹುಡುಗನಿಗೆ ಈಗಲೇ ಮನಸ್ಸಿಲ್ಲ ಎಂದು ಸುತ್ತು ಬಳಸಿ ಹೇಳಿದ್ದರು. ಹಾಗೆ ಹೇಳಿದಷ್ಟೂ ಅದು ರತ್ನಕ್ಕನ ಎದೆಯಲ್ಲಿ ಹೆಚ್ಚು ಕಾಲ ಉಳಿಯಿತು.

ಮೂರನೆಯ ಸಂಬಂಧ ಕಾರ್ಕಳದ್ದು. ಅಲ್ಲಿ ಬಟ್ಟೆ ಅಂಗಡಿ ನಡೆಸುವ ಗುಣವತಿ ಎಂಬವರ ಮಗ ಸುಕೇಶ್, ಮಸ್ಕತ್ತಿನಲ್ಲಿ ಕೆಲಸ, ಮೇ ತಿಂಗಳವರೆಗೆ ರಜೆ ಸಿಗುವಂತಿಲ್ಲ. ಫೋಟೊಗಳನ್ನು ಸ್ಟುಡಿಯೊದವರು ತಿದ್ದುತ್ತಾರೆ, ವೀಡಿಯೊ ಆದರೆ ಸುಳ್ಳು ಹೇಳುವುದಿಲ್ಲ, ಹುಡುಗಿ ನಡೆದಾಡುವ ಒಂದು ವೀಡಿಯೊ ಕಳುಹಿಸಿ ಎಂದು ಗುಣವತಿಯಕ್ಕ ಹೇಳಿ ಕಳುಹಿಸಿದ್ದರು. ತಮ್ಮ ಮೇಲೆ ಕಾರ್ಕಳದಲ್ಲಿ ಎಂಥ ಗೌರವ ಇತ್ತೆಂಬುದನ್ನು ತಾವು ಗಮನಿಸಬೇಕು.

ಹರ್ಷಿಣಿಗೆ ಈ ಪ್ರದರ್ಶನ ಇಷ್ಟವಿರಲಿಲ್ಲ. ಕೊನೆಗೆ ಒಪ್ಪಿದಾಗ, ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕದಲ್ಲಿ ನಿಲ್ಲುವುದಿಲ್ಲ, ಅಪ್ಪನ ದೋಣಿಯ ಹತ್ತಿರ ನಿಲ್ಲುತ್ತೇನೆ ಎಂದಳು. ಹಾಗಾಗಿ ಒಂದು ಭಾನುವಾರ ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಕಡಲಿಗೆ ಬೆನ್ನು ಮಾಡಿ, ಹಳದಿ ಸೀರೆ ಉಟ್ಟು ಅವಳು ನಿಂತಳು. ಹಿಂದೆ ನೀರು ತಗಡಿನಂತೆ ಹೊಳೆಯುತ್ತಿತ್ತು, ಕೆಳಗೆ ಮರಳು ಉರಿಯುತ್ತಿತ್ತು. ತಾವು ಕಡಲನ್ನು ಕಂಡಿರಿ, ಮರಳನ್ನು ಕಂಡಿರಿ, ಕಣ್ಣು ಮುಚ್ಚಿಕೊಂಡಿರಿ.

ಅವರ ಮನೆಯ ಟಿವಿಗೆ ಕ್ಯಾಮೆರಾ ಜೋಡಿಸಿ ತೋರಿಸಿದಾಗ ಕಡಲಿನ ಒಂದೊಂದು ತೆರೆಯೂ ಎಣಿಸುವಂತೆ ಬಂದಿತ್ತು. ಆಕಾಶ ಪಂಚಾಂಗದ ಹೊದಿಕೆಯ ಹಾಗೆ ನೀಲಿ. ನಡುವೆ ಸೀರೆಯುಟ್ಟ ಒಂದು ಕತ್ತಲೆ, ಅದು ಅತ್ತಿಂದಿತ್ತ ನಡೆದಾಡುತ್ತಿತ್ತು, ಮಾತಾಡುತ್ತಲೂ ಇತ್ತು. ಕಿಟ್ಟಣ್ಣ ಬಹಳ ಹೊತ್ತು ನೋಡಿ, ದೋಣಿ ಲಾಯ್ಕ ಬಂದುಂಟು ಮಾರಾಯ ಎಂದರು. ರತ್ನಕ್ಕ ಎದ್ದು ಒಳಗೆ ಹೋದರು. ಮೊದಲ ಎರಡು ಸಂಬಂಧದವರು ಮೆಲುದನಿಯಲ್ಲಿ ಹೇಳಿದ್ದನ್ನು ತಾವು ಟಿವಿಯಲ್ಲಿ, ದೊಡ್ಡ ಪರದೆಯ ಮೇಲೆ ಹೇಳಿದ್ದಿರಿ.

ಮುಂದಿನ ವಾರ ನಾನು ಮತ್ತೆ ಹೋಗಿ ತಮ್ಮ ಪಕ್ಕದಲ್ಲೇ ಇರುವ ಬ್ಯಾಕ್‌ಲೈಟ್ ಗುಂಡಿಯನ್ನು ಒತ್ತಿದೆ. ಬೆನ್ನ ಹಿಂದೆ ಬೆಳಕಿದ್ದಾಗ ಒತ್ತಬೇಕೆಂದು ಪುಸ್ತಕದಲ್ಲಿ ಬರೆದ ಗುಂಡಿ ಅದು. ಒತ್ತಿದರೆ ತಾವು ಕಣ್ಣನ್ನು ಸ್ವಲ್ಪ ಹೆಚ್ಚು ತೆರೆಯುತ್ತೀರಿ ಎಂದು ನಾನು ತಿಳಿದಿದ್ದೆ. ತಾವು ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟಿರಿ. ಕಡಲು ಮಾಯವಾಯಿತು. ಆಕಾಶ ಇಲ್ಲ, ಮರಳು ಇಲ್ಲ, ದೋಣಿಯ ಮೂತಿ ಮಾತ್ರ ಬಿಳಿ ಮಂಜಿನಿಂದ ಹೊರಗೆ ಚಾಚಿಕೊಂಡಿತ್ತು. ಅದರ ಮುಂದೆ ಗೋಧಿಬಣ್ಣದ, ಕೆನ್ನೆ ಹೊಳೆಯುವ, ಮೂಗಿಗೂ ಕೆನ್ನೆಗೂ ನಡುವೆ ಗೆರೆಯೇ ಇಲ್ಲದ ಒಬ್ಬ ಯುವತಿ ಹರ್ಷಿಣಿಯ ಸೀರೆಯುಟ್ಟು ನಿಂತಿದ್ದಳು.

ಮೀನು ಹಿಡಿಯುವವನ ಮನೆಯ ವೀಡಿಯೊದಲ್ಲಿ ಸಮುದ್ರವೇ ಇಲ್ಲವಲ್ಲ ಎಂದು ಕಿಟ್ಟಣ್ಣ ಆಕ್ಷೇಪಿಸಿದರು. ರತ್ನಕ್ಕ ಟಿವಿಯ ಹತ್ತಿರ ಹೋಗಿ, ಕೈ ಮುಟ್ಟಿ ನೋಡುವಷ್ಟು ಹತ್ತಿರ ನಿಂತು ನೋಡಿದರು.

“ನಮ್ಮ ಹರ್ಷಿಣಿಗೆ ಬಣ್ಣ ಉಂಟು ಧನು. ಈ ಬಿಸಿಲಿನಲ್ಲಿ ಕಾಣುವುದಿಲ್ಲ ಅಷ್ಟೆ.”

ಅವರ ಮುಖದಲ್ಲಿ ಆಗ ಕಂಡ ಸಂತೋಷದ ಎದುರಿಗೆ ಕ್ಯಾಮೆರಾದ ಪಾಠ ಹೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಹರ್ಷಿಣಿ ಬಾಗಿಲಲ್ಲಿ ನಿಂತು ಟಿವಿಯನ್ನೂ ತಾಯಿಯನ್ನೂ ನೋಡುತ್ತಿದ್ದಳು. ಸಿಡಿ ಮಾಡಿಕೊಟ್ಟೆ. ಮಸ್ಕತ್ತಿಗೆ ಹೊರಟಿದ್ದ ಮಲ್ಪೆಯವರೊಬ್ಬರ ಕೈಯಲ್ಲಿ ಒಂದು, ಬಸ್ಸಿನಲ್ಲಿ ಕಾರ್ಕಳಕ್ಕೆ ಒಂದು ಹೋಯಿತು.

ಕಾರ್ಕಳ ತಮ್ಮನ್ನು ಮೆಚ್ಚಿಕೊಂಡಿತು. ಹುಡುಗಿ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದಾಳೆ ಎಂದು ಗುಣವತಿಯಕ್ಕ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ ಸುದ್ದಿ ನೆಂಟರ ಬಾಯಿಯಿಂದ ಹೂಡೆಗೆ ತಲುಪಿತು. ಸುಕೇಶ್ ಕೂಡ ಒಪ್ಪಿದ್ದಾನಂತೆ, ತಾಯಿ ಸದ್ಯದಲ್ಲೇ ಬಂದು ನೋಡಿ ಮಾತು ಮುಗಿಸುತ್ತಾರಂತೆ. ಅಂದಿನಿಂದ ರತ್ನಕ್ಕ ಮಗಳ ಕೈಗೆ ಕೊಡೆ ಕೊಟ್ಟರು, ಮಧ್ಯಾಹ್ನ ಅಂಗಳಕ್ಕಿಳಿಯುವುದನ್ನು ನಿಲ್ಲಿಸಿದರು, ಬಟ್ಟಲಿನಲ್ಲಿ ಕಡಲೆಹಿಟ್ಟು, ಮೊಸರು, ಅರಸಿನ ಕಲಸಿಟ್ಟುಕೊಂಡು ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಹಿಡಿದು ಕೂರಿಸತೊಡಗಿದರು. ತಾವು ಒಂದು ಗುಂಡಿಯಲ್ಲಿ ಮಾಡಿದ್ದನ್ನು ಪಾಪ ಆ ತಾಯಿ ಕಡಲೆಹಿಟ್ಟಿನಲ್ಲಿ ಮಾಡಲು ಹೊರಟಿದ್ದರು.

ಒಂದು ಸಂಜೆ ಮಣಿಪಾಲದಿಂದ ಮನೆಗೆ ಹೋಗುವ ಬದಲು ಹರ್ಷಿಣಿ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬಂದಳು. ಸ್ಟುಡಿಯೊದ ಸ್ಟೂಲಿನ ಮೇಲೆ ಕೂತಳು. ಕಿವಿಯ ಹಿಂದೆ ಒಂದಿಷ್ಟು ಕಡಲೆಹಿಟ್ಟು ಒಣಗಿ ಉಳಿದಿತ್ತು.

“ಧನಣ್ಣ, ಆ ಸಿಡಿಯ ಹುಡುಗಿಯನ್ನು ಅವರು ಒಪ್ಪಿದ್ದಾರೆ. ಈಗ ಅವಳನ್ನು ನಾನು ಎಲ್ಲಿಂದ ತರುವುದು?”

ನಾನು ತಮ್ಮ ಹೆಸರು ಹೇಳಿದೆ. ಎಲ್ಲ ಒಳಗಿರುವವರ ಕೆಲಸ, ನಾನು ಹೊರಗಿನಿಂದ ಹಿಡಿದುಕೊಳ್ಳುವವನು ಮಾತ್ರ ಎಂದೆ. ಅವಳು ನಗಲಿಲ್ಲ. ಒಳಗಿರುವವರಿಗೆ ಹೇಳುವವರು ಯಾರೂ ಇಲ್ಲವೇ ಎಂದು ಕೇಳಿದಳು. ಇದ್ದಾರೆ, ಬದಿಯಲ್ಲಿ ಒಂದು ಸ್ವಿಚ್ಚು ಉಂಟು, ಅದನ್ನು ಮ್ಯಾನುಯಲ್ಲಿಗೆ ತಳ್ಳಿದರೆ ಅವರು ಸುಮ್ಮನಾಗುತ್ತಾರೆ, ಆಮೇಲೆ ಬೆಳಕು ಎಷ್ಟು ಬೇಕೆಂದು ನಾನೇ ಹೇಳಬೇಕು ಎಂದೆ. ಹಾಗಾದರೆ ಇನ್ನೊಮ್ಮೆ ತೆಗೆದು ಅವರು ಬರುವ ಮೊದಲೇ ಕಳುಹಿಸಬೇಕು ಎಂದಳು. ಸಂಬಂಧ ಮುರಿದರೆ ರತ್ನಕ್ಕ ನಿನ್ನನ್ನೂ ನನ್ನನ್ನೂ ಬಿಡುವವರಲ್ಲ ಎಂದು ನಾನು ಎಚ್ಚರಿಸಿದೆ. ಅದಕ್ಕೆ ಅವಳು ಹೇಳಿದ್ದು, ಮುರಿಯುವುದಾದರೆ ಮದುವೆಗೆ ಮೊದಲು ಮುರಿಯಲಿ ಎಂದು. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು, ಆದರೆ ಕೈಚೀಲದ ಹಿಡಿಯನ್ನು ಸುಮ್ಮನೆ ಸುತ್ತುತ್ತಾ ಇದ್ದಳು.

ಹೀಗೆ ಮೂರನೆಯ ಸಲ ಹೂಡೆಗೆ ಹೋದದ್ದು, ತಮ್ಮನ್ನು ಮನೆಯಲ್ಲೇ ಮಲಗಿಸಿ ಹೋದಂತೆ, ಸ್ವಿಚ್ಚು ತಳ್ಳಿಕೊಂಡು. ರತ್ನಕ್ಕ ಬರಲಿಲ್ಲ, ಮೀನು ಮಾರಲು ಹೊರಟುಹೋಗಿದ್ದರು. ಬಿಸಿಲು ಇಳಿದು ಬದಿಯಿಂದ ಬೀಳುವವರೆಗೆ ಕಾದೆವು. ಹೊಳೆಯುವ ನೀರು ಹಿಂದೆ ಬಾರದ ಹಾಗೆ, ಎಣ್ಣೆ ಬಳಿದು ಕಪ್ಪಾದ ದೋಣಿಯ ಮಗ್ಗುಲಿಗೆ ಅವಳನ್ನು ನಿಲ್ಲಿಸಿದೆ. ಮುಖದ ನೆರಳಿನ ಕಡೆಗೆ ಸ್ವಲ್ಪ ಬೆಳಕು ಚೆಲ್ಲಲು ಒಂದು ಥರ್ಮೋಕೋಲ್ ಹಾಳೆ ತಂದಿದ್ದೆ, ಅದನ್ನು ಕಿಟ್ಟಣ್ಣನ ಕೈಗೆ ಕೊಟ್ಟೆ. ಕಡಲಗಾಳಿ ಅದನ್ನು ಹಿಡಿದು ಎಳೆಯುತ್ತಿತ್ತು, ಕಿಟ್ಟಣ್ಣ ಕಾಲು ಅಗಲಿಸಿ, ಹಾಯಿ ಹಿಡಿದವರ ಹಾಗೆ ಮೈ ವಾಲಿಸಿ ನಿಂತು, ಇದರಲ್ಲಿ ಹೋದರೆ ಮಲ್ಪೆ ತಲುಪಬಹುದು ಎಂದರು.

ಮೊದಲು ಮುಖವನ್ನೇ ಹತ್ತಿರಕ್ಕೆ ತಂದುಕೊಂಡೆ. ಬೆಳಕು ಅತಿಯಾದ ಕಡೆ ಪರದೆಯ ಮೇಲೆ ಪಟ್ಟೆಪಟ್ಟೆ ಗೆರೆ ಓಡಿಸುವ ಏರ್ಪಾಡೊಂದು ಕ್ಯಾಮೆರಾದಲ್ಲಿದೆ. ಆ ಗೆರೆಗಳು ಅವಳ ಹಣೆಯಿಂದ ಇಳಿದು ಹೋಗುವವರೆಗೆ ಕ್ಯಾಮೆರಾದ ಕಣ್ಣನ್ನು ಕಿರಿದು ಮಾಡಿದೆ. ಆಮೇಲೆ ಒಂದು ಕಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ, ಇನ್ನೊಂದು ಕಣ್ಣನ್ನು ಹೊರಗೆ ತೆರೆದಿಟ್ಟು, ಒಳಗಿನ ಹರ್ಷಿಣಿಯೂ ಹೊರಗಿನ ಹರ್ಷಿಣಿಯೂ ಒಂದೇ ಆಗುವವರೆಗೆ ಬೆಳಕು ಹೊಂದಿಸುವ ಸಣ್ಣ ಗಾಲಿಯನ್ನು ಹಿಂದೆ ಮುಂದೆ ತಿರುಗಿಸಿದೆ. ಒಂದಾದರು. ಅಲ್ಲಿಗೆ ಬಿಟ್ಟು ಚೌಕಟ್ಟನ್ನು ಅಗಲ ಮಾಡಿದೆ. ಅವಳು ನಡೆದಳು, ನಿಂತಳು, ಹೆಸರು ಹೇಳಿದಳು, ಕೆಲಸ ಹೇಳಿದಳು, ಅಪ್ಪನ ಥರ್ಮೋಕೋಲ್ ಹಾರಿಹೋದಾಗ ನಕ್ಕಳು. ಮೂಲೆಯಲ್ಲಿ ಒಂದು ಚೂರು ಕಡಲು ಬಿಳಿಚಿಕೊಂಡಿತು, ಬಿಳಿಚಿಕೊಳ್ಳಲಿ ಎಂದು ಬಿಟ್ಟೆ.

ತೋರಿಸಿದಾಗ ಹರ್ಷಿಣಿ ಕೊನೆಯವರೆಗೆ ನೋಡಿ, ಹ್ಞಾಂ, ಇದು ನಾನು ಎಂದಳು. ಕರಿಯ ಹುಡುಗಿ, ಹೊಳೆಯುವ ಕಣ್ಣು, ಗಲ್ಲದ ಮೇಲೆ ಚಿಕ್ಕದೊಂದು ಹಳೆಯ ಗಾಯದ ಗುರುತು, ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ. ಹಿಂದಿನ ಎರಡರಲ್ಲೂ ಆ ಗುಳಿ ಇರಲಿಲ್ಲ. ಮೊದಲನೆಯದರಲ್ಲಿ ಕತ್ತಲೆ ನುಂಗಿತ್ತು, ಎರಡನೆಯದರಲ್ಲಿ ಬೆಳಕು ನುಂಗಿತ್ತು. ಮೀನು ಮಾರಿ ಬಂದ ರತ್ನಕ್ಕನೂ ನೋಡಿದರು. ಕಿವಿಯ ಬೆಂಡೋಲೆ ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಹೇಳಿದರು. ಮಗಳು ಅದನ್ನು ಕಾರ್ಕಳಕ್ಕೂ ಮಸ್ಕತ್ತಿಗೂ ಕಳುಹಿಸಿದ ಸುದ್ದಿ ತಿಳಿದ ಮೇಲೆ ನನ್ನೊಡನೆ ಮಾತು ಬಿಟ್ಟರು.

ಕಾರ್ಕಳದಿಂದ ಫೋನು ಬಂತು. ಎತ್ತಿದವರು ರತ್ನಕ್ಕ. ಗುಣವತಿಯಕ್ಕ ಕುಶಲ ಕೇಳಿ, ಬಹಳ ಮರ್ಯಾದೆಯಿಂದ, ನಿಮಗೆ ಹೆಣ್ಣುಮಕ್ಕಳು ಎಷ್ಟು ಜನ ಎಂದು ಕೇಳಿದರಂತೆ. ಒಬ್ಬಳೇ ಎಂದು ಇವರು ಹೇಳಿದ್ದಕ್ಕೆ, ಹಾಗಾದರೆ ಎರಡು ಸಿಡಿಯಲ್ಲಿ ಎರಡು ಹುಡುಗಿಯರು ಇದ್ದಾರಲ್ಲ, ನನ್ನ ಮಗನಿಗೆ ಯಾರು ಎಂದರಂತೆ. ನಾನೇ ಬಂದು ನೋಡುತ್ತೇನೆ ಎಂದೂ ಹೇಳಿ ಫೋನು ಇಟ್ಟರಂತೆ.

ಅವರು ಬಂದ ದಿನ ನನಗೂ ಕರೆ ಬಂದಿತ್ತು. ಆರೋಪಿಯ ಜೊತೆ ಬಂದ ಜಾಮೀನುದಾರನಂತೆ ತಮ್ಮನ್ನು ಚೀಲದೊಳಗೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದೆ. ಹರ್ಷಿಣಿ ಚಹಾ ತಂದಳು. ಗುಣವತಿಯಕ್ಕ ಲೋಟ ತೆಗೆದುಕೊಳ್ಳಲಿಲ್ಲ. ಎದ್ದು, ಅವಳ ಮೊಣಕೈ ಹಿಡಿದು, ಅಂಗಳದ ಬೆಳಕಿಗೆ ಕರೆದುಕೊಂಡು ಹೋದರು. ಬಟ್ಟೆ ಅಂಗಡಿಯವರಲ್ಲವೇ, ಟ್ಯೂಬ್‌ಲೈಟಿನ ಕೆಳಗೆ ಸೀರೆ ನೋಡಿ ನಂಬದ ಗಿರಾಕಿಗಳು ಅದನ್ನು ಬಾಗಿಲಿಗೆ ಹಿಡಿದು ನೋಡುವುದನ್ನು ದಿನವೂ ಕಂಡವರು. ಹಾಗೆಯೇ ನೋಡಿದರು. ಆ ಹೊತ್ತಿನಲ್ಲಿ ರತ್ನಕ್ಕ ಒಳಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದುದನ್ನು ತಾವು ನೋಡಬೇಕಿತ್ತು. ನೋಡಲಾರಿರಿ, ಅವರು ನಿಂತದ್ದು ನೆರಳಿನಲ್ಲಿ.

ಮೊದಲು ಬಂದ ಸಿಡಿಯನ್ನೇ ನಾವು ಒಪ್ಪಿದ್ದೆವಲ್ಲ, ಇನ್ನೊಂದನ್ನು ಯಾಕೆ ಕಳುಹಿಸಿದೆ ಎಂದು ಗುಣವತಿಯಕ್ಕ ಕೇಳಿದರು.

“ಮಾಮಿ, ಅದು ಕ್ಯಾಮೆರಾದ ಒಂದು ಗುಂಡಿ ಒತ್ತಿ ಬಂದ ಬಣ್ಣ. ನಾನು ಕಾರ್ಕಳಕ್ಕೆ ಬಂದ ಮೇಲೆ ದಿನಾ ಆ ಗುಂಡಿ ಒತ್ತುವವರು ಯಾರು?”

ಗುಣವತಿಯಕ್ಕ ಹಿಡಿದ ಮೊಣಕೈ ಬಿಟ್ಟರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಅಲುಗತೊಡಗಿದಾಗ ಸಿಟ್ಟೆಂದು ತಿಳಿದು ಎದ್ದು ನಿಂತೆ. ಅವರು ನಗುತ್ತಿದ್ದರು.

“ಹಾಗಾದರೆ ಮಗಾ, ಸುಕೇಶನದ್ದೂ ಒಂದು ತರಿಸಿ ನೋಡು. ನಿನಗೆ ಕೊಟ್ಟ ಫೋಟೊ ಅವನು ಮಸ್ಕತ್ತಿಗೆ ಹೋಗುವ ಮೊದಲಿನದ್ದು.”

ಅಷ್ಟು ಹೇಳಿ ಒಳಗೆ ಬಂದು, ಆರಿದ ಚಹಾವನ್ನೇ ಕುಡಿದು, ಊಟಕ್ಕೂ ಕೂತು, ಮಟ್ಟುಗುಳ್ಳ ಬದನೆಯ ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಒಪ್ಪಿದೆವು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೊರಡುವಾಗ ರತ್ನಕ್ಕನ ಹತ್ತಿರ ಮಗಳ ರವಕೆಯ ಅಳತೆ ಕೇಳಿದರು.

ಮಸ್ಕತ್ತಿನಿಂದ ಸಿಡಿ ಬಂತು. ಅಲ್ಲಿಯೂ ತಮ್ಮ ದಾಯಾದಿಗಳು ಉದ್ಯೋಗದಲ್ಲಿದ್ದಾರೆಂದು ತಿಳಿದು ನನಗೆ ಆಶ್ಚರ್ಯವಾಗಲಿಲ್ಲ. ಬೆಳ್ಳಗೆ ಉರಿಯುವ ಗುಡ್ಡ, ಬೆಳ್ಳಗಿನ ಕಟ್ಟಡ, ಮುಂದೆ ಪ್ಯಾಂಟು ಹಾಕಿದ ಒಂದು ಕತ್ತಲೆ ಕೈ ಬೀಸುತ್ತಿತ್ತು. ಹರ್ಷಿಣಿ ಸ್ಟುಡಿಯೊದಿಂದಲೇ ಅವನಿಗೆ ಫೋನು ಮಾಡಿಸಿ, ನಿಮ್ಮ ಊರು ಚಂದ ಉಂಟು, ನೀವು ಯಾವಾಗ ಬರುತ್ತೀರಿ ಎಂದು ಕೇಳಿದಳು. ಆಮೇಲೆ ರಿಸೀವರು ನನ್ನ ಕೈಗೆ ಬಂತು. ಕಡಲಾಚೆಯ ಆ ತರುಣನಿಗೆ ಸ್ವಿಚ್ಚು ಯಾವ ಬದಿಯಲ್ಲಿದೆ, ಮುಖವನ್ನು ಹೇಗೆ ಹತ್ತಿರ ತಂದುಕೊಳ್ಳಬೇಕು, ಯಾವಾಗ ಗಾಲಿ ತಿರುಗಿಸುವುದನ್ನು ನಿಲ್ಲಿಸಬೇಕು ಎಂದು ಹೇಳಿಕೊಟ್ಟೆ.

ಎರಡನೆಯ ಸಿಡಿಯಲ್ಲಿ ಸುಕೇಶ್ ಇದ್ದ. ಅವನ ಹಣೆ ಎಲ್ಲಿ ಮುಗಿಯುತ್ತದೆಂದು ಕಾಯುತ್ತಿದ್ದರೆ ಅದು ನಡುನೆತ್ತಿಯವರೆಗೂ ಹೋಗುತ್ತಿತ್ತು. ಕೂದಲನ್ನು ಎಳೆದು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಅವನು ಮಾಡಿರಲಿಲ್ಲ. ಎದುರಿಗೆ ನಿಂತು ತನ್ನ ಹೆಸರು, ಕೆಲಸ ಹೇಳಿ, ಆಮೇಲೆ ಅಂಗಡಿಯ ಗೊಂಬೆಯನ್ನು ತಿರುಗಿಸಿ ತೋರಿಸಿದಂತೆ ನಿಧಾನವಾಗಿ ಒಂದು ಸುತ್ತು ತಿರುಗಿ, ಹಿಂದಿನಿಂದಲೂ ಹೀಗೇ ಉಂಟು ಎಂದ. ಹರ್ಷಿಣಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಹಿಂದಕ್ಕೆ ಓಡಿಸಿ ಆ ಸುತ್ತನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅವರಿಬ್ಬರೂ ಫೋನಿನಲ್ಲಿ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಮೇ ತಿಂಗಳಲ್ಲಿ ಮದುವೆ, ಉಡುಪಿಯ ಸಭಾಭವನವೊಂದರಲ್ಲಿ. ಆಮಂತ್ರಣ ಕೊಡಲು ರತ್ನಕ್ಕ ಸ್ವತಃ ಕಾಪುವಿಗೆ ಬಂದು, ನನ್ನೊಡನೆ ಮಾತು ಬಿಟ್ಟದ್ದು ನೆನಪೇ ಇಲ್ಲದವರಂತೆ ಮಾತಾಡಿ, ಬುಟ್ಟಿಯಲ್ಲಿ ಬಂಗುಡೆ ಮೀನು ಬಿಟ್ಟು ಹೋದರು.

ಈಗ ನನ್ನ ಬಿನ್ನಹ. ಆ ಸಭಾಭವನದಲ್ಲಿ ಮಂಟಪದ ಹಿಂದೆಯೇ ಮೂರು ದೊಡ್ಡ ಕಿಟಕಿಗಳಿವೆ, ಮುಹೂರ್ತದ ಹೊತ್ತಿಗೆ ಬಿಸಿಲು ನೇರವಾಗಿ ಅಲ್ಲಿಂದ ಒಳಗೆ ಬರುತ್ತದೆ. ತಮಗಿರುವ ಪ್ರಭಾವವನ್ನು ಬಳಸಿ ಸೂರ್ಯನನ್ನು ಆ ದಿನ ಎದುರಿನ ಬಾಗಿಲಿನಿಂದ ಉದಯಿಸಲು ಒಪ್ಪಿಸಬೇಕು. ಅದಾಗದಿದ್ದರೆ ಕಟ್ಟಡವನ್ನು ಸ್ವಲ್ಪ ತಿರುಗಿಸಿಕೊಡಬೇಕು. ಅದೂ ಆಗದಿದ್ದರೆ, ಇಷ್ಟು ಕಾಲ ಒಂದು ದಿನವೂ ರಜೆ ಹಾಕದೆ ದುಡಿದ ತಾವು, ಧಾರೆ ಮುಗಿಯುವವರೆಗೆ ದಯವಿಟ್ಟು ರಜೆ ಹಾಕಬೇಕು. ಕಿಟಕಿಗೆ ಪರದೆ ನಾನು ಕಟ್ಟಿಸುತ್ತೇನೆ, ಎದುರಿನಿಂದ ದೀಪ ನಾನು ಹಿಡಿಸುತ್ತೇನೆ, ಕರಿಯ ವಧುವನ್ನು ಕರಿಯಳಾಗಿಯೂ ಬೋಳುತಲೆಯ ವರನನ್ನು ಬೋಳುತಲೆಯವನಾಗಿಯೂ ತೋರಿಸುವ ಹೊಣೆ ನನ್ನದು. ಊಟದ ಪಂಕ್ತಿ ಶುರುವಾದ ಮೇಲೆ ತಾವು ಎದ್ದು ಬಂದು, ಎಲೆಯ ಮೇಲಿನ ಅನ್ನವನ್ನು ತಮಗೆ ಇಷ್ಟವಾದ ಬೂದಿಬಣ್ಣಕ್ಕೆ ತರಬಹುದು. ಅನ್ನ ದೂರು ಕೊಡುವುದಿಲ್ಲ.

ತಮ್ಮ ಮೇಲೆ ಪೂರ್ತಿ ವಿಶ್ವಾಸವಿಟ್ಟು ಕೆಟ್ಟು, ಈಗ ಅರ್ಧ ವಿಶ್ವಾಸವಿಟ್ಟು ಸುಖವಾಗಿರುವ,
ಬೆರಳನ್ನು ಸ್ವಿಚ್ಚಿನ ಮೇಲೇ ಇಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ಧನರಾಜ್ ಸಾಲಿಯಾನ್

ವಿ.ಸೂ.: ತಮ್ಮ ವಂಶದಲ್ಲಿ ಹೊಸ ಪೀಳಿಗೆಯೊಂದು ತಯಾರಾಗುತ್ತಿದೆಯಂತೆ, ಮನುಷ್ಯರ ಮುಖ ಯಾವುದೆಂದು ಅದು ತಾನಾಗಿಯೇ ಗುರುತಿಸಿ ಬೆಳಕು ಹೊಂದಿಸುತ್ತದಂತೆ ಎಂದು ಕ್ಯಾಮೆರಾ ಅಂಗಡಿಯವರು ಹೇಳಿದರು. ಕೇಳಿ ಸಂತೋಷವಾಯಿತು. ಮುಖ ಎಂದರೆ ಯಾವ ಬಣ್ಣದ್ದು ಎಂದು ಆ ಮಕ್ಕಳಿಗೆ ಅಲ್ಲಿ ಯಾರು ಹೇಳಿಕೊಡುತ್ತಿದ್ದಾರೆ ಎಂಬುದನ್ನು ಮಾತ್ರ ದಯವಿಟ್ಟು ವಿಚಾರಿಸಿ ತಿಳಿಸಬೇಕು.